ವಹಿಯಲ್ಲಿ ಬರೆಯದ ಪುಡಿ

ಯಾವ ಪೊಟ್ಟಣ ಕೈಗೆ ಬಂದರೂ ಅದರ ಬೆನ್ನು ತಿರುಗಿಸಿ ಓದುವ ಚಟ ನನಗೆ. ಬಿಸ್ಕತ್ತಾಗಲಿ, ಚಹಾಪುಡಿಯಾಗಲಿ, ಊದಿನಕಡ್ಡಿಯಾಗಲಿ, ಮುಂಭಾಗದ ಚಿತ್ರವನ್ನು ನಾನು ನಂಬುವವನಲ್ಲ. ಚಿತ್ರದೊಳಗಿನವರು ಅಷ್ಟು ಯಾಕೆ ನಗುತ್ತಿದ್ದಾರೆ ಎಂಬ ಸಂಗತಿ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಮೊನ್ನೆ ಇಳಕಲ್ಲಿನ ಬಜಾರದಲ್ಲಿ ಹಪ್ಪಳದ ಪೊಟ್ಟಣ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಹೀಗೇ ಓದುತ್ತ ನಿಂತಿದ್ದೆ. ಹಿಂದೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು, "ಕಾಕಾ, ಹಪ್ಪಳ ತಗೊಳ್ಳಾಕ ಬಂದೀರೋ, ಪರೀಕ್ಷಾಕ್ಕ ಓದಾಕ ಬಂದೀರೋ?" ಎಂದಳು.

ನಾನು ಉತ್ತರ ಹುಡುಕುವುದರೊಳಗೆ ನನ್ನ ಹೆಂಡತಿ ಸುವರ್ಣಾ ಅವಳಿಗೆ ಸಮಾಧಾನ ಹೇಳಿದಳು. "ಅವ್ರಿಗೆ ಏನೂ ಅನ್ನಬ್ಯಾಡವಾ. ಒಮ್ಮಿ ಓದಲಾರದ ತಿಂದು ಕೆಟ್ಟಾರ."

ಅಂಗಡಿಯವನೂ ನಕ್ಕ, ನಾನೂ ನಕ್ಕೆ. ಆದರೆ ಮಾತು ಒಳಗೆ ಚುಚ್ಚಿ ಕೂತಿತು. ನಾನೊಬ್ಬನೇ ಕೆಟ್ಟಿದ್ದರೆ ಅದು ಅಷ್ಟು ಚುಚ್ಚುತ್ತಿರಲಿಲ್ಲ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಸಂಶಯ ನನ್ನ ಹೊಟ್ಟೆಪಾಡು. ಹುನಗುಂದ ತಾಲ್ಲೂಕಿನಲ್ಲಿ ಹೊಲ ಅಳೆಯುವ ಸರ್ವೇಯರ್ ನಾನು. ಇಪ್ಪತ್ತೆಂಟು ವರ್ಷಗಳಿಂದ ಎರೆಹೊಲಗಳ ಬದುವಿನ ಮೇಲೆ ನಡೆದು ನಡೆದು ನಾನು ಕಲಿತದ್ದು ಒಂದೇ: "ಈ ಗಡಿಕಲ್ಲು ನಮ್ಮ ಮುತ್ತ್ಯಾನ ಕಾಲದಿಂದ ಇಲ್ಲೇ ಐತ್ರಿ" ಎಂದು ಯಾರಾದರೂ ಆಣೆ ಇಟ್ಟರೆ ಮೊದಲು ಕಲ್ಲಿನ ಬುಡದ ಮಣ್ಣು ನೋಡಬೇಕು. ಮಣ್ಣು ಹಸಿಯಾಗಿರುತ್ತದೆ. ಮೂಡಣ ಹೊಲದವರು ಮಜ್ಜಿಗೆ ಕೊಟ್ಟರೆ ನನ್ನ ಕಣ್ಣು ತಾನಾಗಿಯೇ ಪಡುವಣ ಹೊಲದ ಕಡೆ ಹೊರಳುತ್ತದೆ. ಅಲ್ಲಿ ಎರಡು ಮೊಳ ಒತ್ತುವರಿಯಾಗಿರುತ್ತದೆ. ಈ ಕಣ್ಣನ್ನೇ ಮನೆಗೂ ತರುತ್ತೇನೆಂದು ಸುವರ್ಣಾಳ ತಕರಾರು. ಹಾಲಿನವನು ನಮಸ್ಕಾರ ಮಾಡಿದ ದಿನ ನಾನು ಹಾಲನ್ನು ಅಂಗೈ ಮೇಲೆ ಹನಿಸಿ ನೋಡುತ್ತೇನೆ ಎಂದು ಅವಳು ತವರಿನಲ್ಲಿ ಹೇಳಿ ನಗಿಸುತ್ತಾಳೆ. ಸುಳ್ಳಲ್ಲ.

ಇಷ್ಟೆಲ್ಲ ಸಂಶಯದ ನಡುವೆ ಒಂದು ಕಡೆ ಮಾತ್ರ ಬೇಲಿ ಮುರಿದಿತ್ತು. ಅದಕ್ಕೆ ನಮ್ಮ ಅಜ್ಜಿ ಕಾರಣ. ಏಳೆಂಟು ವರ್ಷದವನಿದ್ದಾಗ, ಅಮೀನಗಡದಿಂದ ನೆಂಟರು ತಂದಿದ್ದ ಕರದಂಟನ್ನು ಗಡಿಗೆಯೊಳಗಿಂದ ಕದ್ದು ಒಬ್ಬನೇ ತಿಂದು ಮುಗಿಸಿದ್ದೆ. ಬೆಲ್ಲ, ಅಂಟು, ಕೊಬ್ಬರಿ ಎಲ್ಲ ಒಟ್ಟಾಗಿ ಹೊಟ್ಟೆಯೊಳಗೆ ಗೋಡೆ ಕಟ್ಟಿದವು. ಅಜ್ಜಿ ನನ್ನನ್ನು ಅಂಗಾತ ಮಲಗಿಸಿ, "ಹೊಕ್ಕಳ ಸರದೈತಿ" ಎಂದಳು. ಹೊಕ್ಕುಳಿನ ಮೇಲೆ ಹಿಟ್ಟಿನ ಪುಟ್ಟ ಹಣತೆ ಇಟ್ಟು ಬತ್ತಿ ಹಚ್ಚಿ, ಮೇಲೆ ತಾಮ್ರದ ತಂಬಿಗೆಯನ್ನು ಬೋರಲು ಹಾಕಿದಳು. ದೀಪ ಆರಿದ್ದೇ ತಡ, ತಂಬಿಗೆ ನನ್ನ ಹೊಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಇನ್ನು ನನ್ನ ಕರುಳೆಲ್ಲ ತಂಬಿಗೆ ಸೇರುತ್ತದೆ ಎಂಬ ಭಯಕ್ಕೆ, "ಯವ್ವಾ, ಕರದಂಟ ನಾನ ತಿಂದೀನಿ" ಎಂದು ಕಿರುಚಿಬಿಟ್ಟೆ. ಅಜ್ಜಿ ತಂಬಿಗೆ ಕಿತ್ತು ಪಕ್ಕಕ್ಕಿಟ್ಟು, "ಗೊತ್ತೈತಿ, ಮೂಗಿಗೆ ಕೊಬ್ಬರಿ ಹತ್ತೇತಿ" ಎಂದು ಜೀರಿಗೆ ನೀರು ಕುಡಿಸಿದಳು. ಸಂಜೆಯೊಳಗೆ ಹೊಟ್ಟೆ ಸರಿಯಾಯಿತು. ಆವತ್ತಿನಿಂದ ಬೇರು, ತೊಗಟೆ, ಪುಡಿ ಎಂದರೆ ನನಗೆ ಅಜ್ಜಿಯ ಕೈ ಕಾಣುತ್ತದೆ. ನನ್ನ ಈ ದುರ್ಬಲ ಜಾಗ ನನಗೇ ತಿಳಿದಿರಲಿಲ್ಲ. ಮಹಾಕೂಟದ ದಾರಿಯಲ್ಲಿ ಕುಳಿತವನಿಗೆ ಮಾತ್ರ ಕೂಡಲೇ ತಿಳಿಯಿತು.

ಎರಡು ವರ್ಷದ ಹಿಂದಿನ ಮಾತು. ನನ್ನ ಮೊಣಕಾಲುಗಳು ಕೈಕೊಟ್ಟಿದ್ದವು. ಬದು ಹತ್ತುವಾಗ ಒಂದು ಕೂಗಿದರೆ ಇಳಿಯುವಾಗ ಇನ್ನೊಂದು ಕೂಗುತ್ತಿತ್ತು. ಅಮಾವಾಸ್ಯೆಯ ದಿನ ಸುವರ್ಣಾಳನ್ನು ಕರೆದುಕೊಂಡು ಬದಾಮಿಯಿಂದ ಮಹಾಕೂಟಕ್ಕೆ ಹೋಗಿದ್ದೆ. ಹೊಂಡದಲ್ಲಿ ಮಿಂದು, ದೇವರ ದರ್ಶನ ಮುಗಿಸಿ ಹೊರಳುವಾಗ ದಾರಿಪಕ್ಕದ ಬೇವಿನ ಮರದ ಕೆಳಗೆ ಜನ ಸಾಲುಗಟ್ಟಿದ್ದು ಕಂಡಿತು. ಬಿಳಿ ಅಂಗಿ ತೊಟ್ಟ, ಹೆಗಲಿಗೆ ಕಂಬಳಿ ಹಾಕಿದ್ದ ಮುದುಕನೊಬ್ಬ ಸೊಂಟ, ಮೊಣಕಾಲುಗಳ ನೋವಿಗೆ ಪುಡಿ ಕೊಡುತ್ತಿದ್ದ. ನಾನು ದೂರದಲ್ಲೇ ನಿಂತು, ನನ್ನ ಎಂದಿನ ಮುಖ ಮಾಡಿಕೊಂಡು ನೋಡುತ್ತಿದ್ದೆ. ಅವನೇ ಕರೆದ.

"ಬರ್ರಿ ಸಾಹೇಬ್ರ. ನೀವು ನಂಬೂ ಪೈಕಿ ಅಲ್ಲ ಅಂತ ಮಾರಿ ಮ್ಯಾಲನ ಬರದೈತಿ."

"ಹೌದ್ರಿ, ನಂಬೂದಿಲ್ಲ," ಎಂದೆ.

"ನಂಬಬ್ಯಾಡ್ರಿ. ನಂಬ್ರಿ ಅಂತ ಬೆನ್ನ ಹತ್ತಾಂವ ಕಳ್ಳ ಇರತಾನ. ಎಂಟು ದಿನ ನೀರಾಗ ಕಲಿಸಿ ಕುಡೀರಿ. ಖರೆ ಸುಳ್ಳು ನಿಮ್ಮ ಮೊಣಕಾಲು ಹೇಳತಾವು."

"ಇದ್ರಾಗ ಏನೇನ ಹಾಕೀರಿ?"

"ಅಡವಿ ಬೇರ್ರಿ. ಗುಳಿಗಿ ಪಳಿಗಿ ಏನೂ ಇಲ್ಲ."

ಸಂಶಯದವನನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಬಲೆ ಇಲ್ಲ. ನಂಬಬೇಡ ಎಂದವನನ್ನು ಅಲ್ಲೇ ನಂಬಿಬಿಟ್ಟೆ. ಪುಡಿಯನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಟ್ಟ. ಚಟ ಬಿಡಬೇಕಲ್ಲ, ತಿರುಗಿಸಿ ಓದಿದೆ. ಕೊಳವೆಬಾವಿಯ ಮೋಟಾರಿನ ಜಾಹೀರಾತಿತ್ತು.

ನಾಲ್ಕೇ ದಿನದಲ್ಲಿ ಮೊಣಕಾಲುಗಳು ಬಾಯಿ ಮುಚ್ಚಿದವು. ಐದನೆಯ ದಿನ ನಾನು ಬದು ಜಿಗಿದೆ. ಹೊಲದ ಒಡೆಯರು, "ಸಾಹೇಬ್ರ ವಯಸ್ಸ ಇಳದೈತಿ" ಎಂದರು. ಹಿಗ್ಗು ಎಷ್ಟಿತ್ತೆಂದರೆ, ಜೀವಮಾನದಲ್ಲಿ ಮೊದಲ ಸಲ ನಾನು ಇನ್ನೊಬ್ಬರಿಗೆ ಒಂದು ವಸ್ತುವನ್ನು ಶಿಫಾರಸು ಮಾಡಲು ಹೊರಟೆ.

ದಾವಲಸಾಬ ನನ್ನ ಬಾಲ್ಯದ ಗೆಳೆಯ. ಇಳಕಲ್ಲಿನಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವನದು. ಒಂದೇ ಸಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ಲೆಕ್ಕ ತಪ್ಪು ಮಾಡಿದವರು. ಅವನು ಸೀರೆ ನೇಯುತ್ತಾನೆ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುವ ಮಗ್ಗ. ಹದಿನಾರನೆಯ ವಯಸ್ಸಿಗೆ ಆ ಕುಣಿಗೆ ಇಳಿದವನು ಇನ್ನೂ ಹತ್ತಿ ಬಂದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಅವನ ಸೊಂಟ ಹಿಡಿದು ಹತ್ತು ವರ್ಷವಾಗಿತ್ತು. ನಾನು ಅರ್ಧ ಪುಡಿಯನ್ನು ಡಬ್ಬಿಗೆ ಹಾಕಿಕೊಂಡು ಹೋಗಿ ಮುಂದಿಟ್ಟಾಗ ಅವನು ಯಾವ ಊರು, ಯಾವ ಬೇರು ಎಂದು ಒಂದು ಮಾತೂ ಕೇಳಲಿಲ್ಲ.

"ಏನೂ ಕೇಳೂದಿಲ್ಲೇನಲೇ?" ಎಂದೆ.

"ಏನ್ ಕೇಳೂದು ಮಲ್ಲ್ಯಾ? ನೀ ಹಡದವ್ವ ಹಾಲ ಕೊಟ್ರೂ ಮೂಸಿ ನೋಡಾಂವ. ನೀ ನಂಬೀದಿ ಅಂದ್ರ ಅದು ಖರೇನ ಇರಬೇಕು."

ನಾನು ಉಬ್ಬಿಹೋದೆ. ಆ ಮಾತಿನ ತೂಕ ಆಗ ತಿಳಿಯಲಿಲ್ಲ. ಮುಂದೆ ಪ್ರತಿ ಅಮಾವಾಸ್ಯೆಗೆ ಮಹಾಕೂಟಕ್ಕೆ ಹೋಗಿ ಇಬ್ಬರಿಗೂ ಆಗುವಷ್ಟು ತರುತ್ತಿದ್ದೆ.

ಮೂರು ತಿಂಗಳಿಗೆ ನನ್ನ ಹೊಟ್ಟೆ ಉರಿಯಲು ಶುರುವಾಯಿತು. ಎದೆಯ ಗೂಡಿನ ಕೆಳಗೆ ಯಾರೋ ಕೆಂಡದ ಹರಳೊಂದನ್ನು ಇಟ್ಟು ಮರೆತಂತೆ. ಉಂಡರೂ ಉರಿ, ಉಣದಿದ್ದರೂ ಉರಿ. ಕಚೇರಿಯಲ್ಲಿ ಹೊಟ್ಟೆ ಹಿಡಿದುಕೊಂಡು, "ಹೊಟ್ಟಿ ಭಾಳ ಉರಿತೈತ್ರಿ" ಎನ್ನುತ್ತಿದ್ದೆ. ಅದೇ ವಾರ ನನ್ನ ಜೊತೆಯವನೊಬ್ಬನಿಗೆ ಬಡ್ತಿ ಬಂದಿತ್ತು. ಸುವರ್ಣಾ ಮನೆಯಲ್ಲಿ ಎಚ್ಚರಿಸಿದಳು: "ಮಂದಿ ಮುಂದ ಹಂಗ ಹೊಟ್ಟಿ ಉರಿ ಅನ್ನಬ್ಯಾಡ್ರಿ, ಬ್ಯಾರೆ ತಿಳಕೋತಾರ."

ದವಾಖಾನೆಗೆ ಹೋಗೋಣವೆಂದಳು. ನಾನು ಒಪ್ಪಲಿಲ್ಲ. ಗುಳಿಗೆಗಳ ಮೇಲೆ ನನಗೆ ಹಳೆಯ ಅನುಮಾನ. ಒಂದು ಗುಳಿಗೆಯ ಉಪಟಳಕ್ಕೆ ಇನ್ನೊಂದು, ಅದರ ಉಪಟಳಕ್ಕೆ ಮತ್ತೊಂದು, ಹೀಗೆ ಬಂಧುಬಳಗ ಸಮೇತ ಮನೆ ಸೇರುತ್ತವೆ ಎಂದು ವಾದಿಸಿದೆ. ಔಷಧವಿಲ್ಲದೆಯೇ ಹೊಟ್ಟೆ ಸರಿಮಾಡಿಕೊಳ್ಳುತ್ತೇನೆ, ಕಳ್ಳ ಯಾರೆಂದು ನಾನೇ ಹಿಡಿಯುತ್ತೇನೆ ಎಂದು ಪಣ ತೊಟ್ಟೆ. ಅಳತೆಗೆ ಒಯ್ಯುವಂಥದೇ ಒಂದು ವಹಿ ತಂದು ಗೆರೆ ಹೊಡೆದೆ. ಉಂಡದ್ದು, ಕುಡಿದದ್ದು, ಹೊತ್ತು, ಉರಿಯ ಪ್ರಮಾಣ. ಹೊಲದ ನಕ್ಷೆಯಷ್ಟೇ ಅಚ್ಚುಕಟ್ಟಾಗಿ ಹೊಟ್ಟೆಯ ನಕ್ಷೆ ಬರೆಯತೊಡಗಿದೆ.

ಮೊದಲ ಅನುಮಾನ ಸುವರ್ಣಾಳ ಕೆಂಪು ಮೆಣಸಿನಕಾಯಿ ಚಟ್ನಿಯ ಮೇಲೆ. ಅದನ್ನು ವಾರ ಬಿಟ್ಟೆ. ಉರಿ ಹೋಗಲಿಲ್ಲ. ಆಮೇಲೆ ಕಚೇರಿಯ ಎದುರಿನ ಚಹಾ. ಆಮೇಲೆ ನಲ್ಲಿಯ ನೀರು. ಆಮೇಲೆ ಅಡುಗೆಯ ಎಣ್ಣೆ, ಅಂಗಡಿ ಬದಲಿಸಿದೆ. ಅಳತೆಗೆ ಹೋದಲ್ಲಿ ಯಾರು ಏನು ಕೊಟ್ಟರೂ ಮುಟ್ಟುವುದನ್ನು ನಿಲ್ಲಿಸಿದೆ. ಸುವರ್ಣಾ ರೊಟ್ಟಿ ಬಡಿಯುತ್ತಿದ್ದಾಗ ಹಿಂದೆ ನಿಂತು ಹಿಟ್ಟನ್ನು ಬೆರಳಿಂದ ಉಜ್ಜಿ ನೋಡಿದ ದಿನ ಅವಳು ಕೈಯ ಹಿಟ್ಟು ಝಾಡಿಸಿ ಎದ್ದು ನಿಂತಳು.

"ಇಪ್ಪತ್ತಾರು ವರ್ಷ ನನ್ನ ಕೈಯಾಗ ಉಂಡೀರಿ. ಈಗ ನನ್ನ ರೊಟ್ಟೀ ಮ್ಯಾಲ ಪಂಚನಾಮಿ ಮಾಡತೀರೇನು?"

ಪಂಚನಾಮೆಯನ್ನೇ ಮಾಡುತ್ತಿದ್ದೆ. ಆ ದಿನದ ವಹಿಯಲ್ಲಿ "ರೊಟ್ಟಿ ಎರಡು, ಹೆಂಡತಿಗೆ ಸಿಟ್ಟು" ಎಂದು ಬರೆದದ್ದು ಈಗಲೂ ಇದೆ.

ಸಿಟ್ಟಿದ್ದರೂ ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ತಣ್ಣನೆಯ ಹಾಲು, ಮಧ್ಯಾಹ್ನ ಜೋಳದ ನುಚ್ಚಿಗೆ ನೀರುಮಜ್ಜಿಗೆ, ಸಂಜೆ ಬಾಳೆಹಣ್ಣು, ನಡುನಡುವೆ ಜೀರಿಗೆ ಕುದಿಸಿದ ನೀರು. ಇಷ್ಟನ್ನೂ ಅವಳು ಹೊತ್ತಿಗೆ ಸರಿಯಾಗಿ ಕಟ್ಟಿಕೊಡುತ್ತಿದ್ದಳು. ತುಳಸಿಗೇರಿ ಹಣಮಪ್ಪನಿಗೆ ಹರಕೆಯನ್ನೂ ಹೊತ್ತಳು. ನುಚ್ಚುಂಡ ಎರಡು ತಾಸು ಹೊಟ್ಟೆ ತಂಪಾಗಿರುತ್ತಿತ್ತು. ಮತ್ತೆ ಕೆಂಡ. ಮತ್ತೆ ಹೊಸ ಅನುಮಾನ. ವಹಿ ಅರ್ಧ ತುಂಬಿತು, ಕಳ್ಳ ಸಿಗಲಿಲ್ಲ. ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಪುಡಿಯನ್ನು ನೀರಿಗೆ ಕಲಸಿ ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ವಹಿ ತೆರೆದು ದಿನದ ಮೊದಲ ಸಾಲಿನಲ್ಲಿ "ತಣ್ಣನೆಯ ಹಾಲು" ಎಂದು ಬರೆಯುತ್ತಿದ್ದೆ.

ಒಂದು ದಿನ ಹೊಲದಲ್ಲೇ ಬವಳಿ ಬಂದು ಕುಸಿದೆ. ಸುವರ್ಣಾ ನನ್ನ ಮಾತು ಕೇಳಲಿಲ್ಲ. ಬಾಗಲಕೋಟೆಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಂಟಲೊಳಗಿಂದ ಕ್ಯಾಮೆರಾದ ನಳಿಗೆ ಇಳಿಸಿ, ಆಮೇಲೆ ಪರದೆಯ ಮೇಲೆ ಚಿತ್ರ ತೋರಿಸಿದರು. ಕೆಂಪಗೆ ಬಾತು, ಅಲ್ಲಲ್ಲಿ ಕೆರೆದುಹೋದ ಗೋಡೆಯಂತಿತ್ತು.

"ನೋಡ್ರಿ, ನಿಮ್ಮ ಹೊಟ್ಟಿ," ಎಂದರು.

"ಇದು ನಂದ ಹೊಟ್ಟಿ ಅನ್ನಾಕ ಏನ ಆಧಾರರೀ?" ಎಂದೆ.

ಸುವರ್ಣಾ ಹಣೆ ಹಿಡಿದುಕೊಂಡಳು. ಡಾಕ್ಟರು ನಗದೆ, ಚಿತ್ರದ ಮೂಲೆಯಲ್ಲಿದ್ದ ನನ್ನ ಹೆಸರನ್ನು ಬೆರಳಿಟ್ಟು ತೋರಿಸಿದರು. ನೋವಿನ ಗುಳಿಗೆ ತಿನ್ನುತ್ತೀರಾ ಎಂದು ಕೇಳಿದರು. ಗುಳಿಗೆಯ ಸಹವಾಸವೇ ಇಲ್ಲವೆಂದು ಹೆಮ್ಮೆಯಿಂದ ಹೇಳಿ, ಸಾಕ್ಷಿಗೆ ವಹಿ ಮುಂದಿಟ್ಟೆ. ಅವರು ಒಂದೊಂದೇ ಪುಟ ತಿರುವಿ ಪೂರ್ತಿ ಓದಿದರು. ನನ್ನ ವಹಿಯನ್ನು ಅಷ್ಟು ಗೌರವದಿಂದ ಓದಿದವರು ಇನ್ನೊಬ್ಬರಿಲ್ಲ. ಆಮೇಲೆ ಮುಚ್ಚಿ ಕೇಳಿದರು:

"ಭಾಳ ಛಲೋ ಬರದೀರಿ. ಇದ್ರಾಗ ಬರೀದ ಬಿಟ್ಟದ್ದು ಏನರ ಐತೇನು?"

"ಏನೂ ಇಲ್ರಿ."

"ಆ ಪುಡಿ?" ಎಂದಳು ಸುವರ್ಣಾ.

"ಅದು ಔಷಧ ಅಲ್ಲ, ಬರೇ ಬೇರು," ಎಂದೆ ಸಿಡುಕಿನಿಂದ.

ಡಾಕ್ಟರು ಕುರ್ಚಿ ಮುಂದಕ್ಕೆಳೆದರು. ಪುಡಿ ಎಲ್ಲಿಯದು, ಎಷ್ಟು ದಿನದಿಂದ, ನೋವು ಎಷ್ಟು ದಿನಕ್ಕೆ ಹೋಯಿತು ಎಂದು ಕೇಳಿದರು. ನಾಲ್ಕು ದಿನಕ್ಕೆ ಎಂದಾಗ ತಲೆ ಅಲ್ಲಾಡಿಸಿದರು. "ಕೆಲವ್ರು ನೋವಿನ ಗುಳಿಗಿ ಅರದು ಇಂಥಾ ಪುಡಿಯೊಳಗ ಕೂಡಸ್ತಾರ. ಅದಕ್ಕ ಲಗೂನ ಆರಾಮ ಅನಸ್ತೈತಿ. ಬರಿಹೊಟ್ಟೀಗೆ ತಿಂದ್ರ ಹೊಟ್ಟಿ ಒಳಗ ಹಿಂಗಾಕ್ಕೈತಿ. ಗುಳಿಗಿ ಬ್ಯಾಡ ಅಂತ ಹೇಳಿ ಗುಳಿಗೀನ ತಿಂದೀರಿ ನೀವು. ಇವತ್ತ ಅದನ್ನ ಬಿಡ್ರಿ. ಉಳದದ್ದು ತಂದು ಕೊಡ್ರಿ, ಪರೀಕ್ಷಾಕ್ಕ ಕಳಸೂಣು." ಹೊಟ್ಟೆಗೆಂದು ಒಂದಿಷ್ಟು ಗುಳಿಗೆ ಬರೆದುಕೊಟ್ಟರು. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ನುಚ್ಚು ಮಜ್ಜಿಗೆ ನಡೆಯಲಿ ಎಂದರು.

ಇಲ್ಲಿಯವರೆಗೆ ನಾನು ಬರೀ ಮೂರ್ಖ. ಇನ್ನು ಮುಂದಿನದಕ್ಕೆ ಬೇರೆ ಹೆಸರು ಬೇಕು.

ಮನೆಗೆ ಬಂದವನು ಡಾಕ್ಟರ ಮೇಲೆ ಸಂಶಯಪಟ್ಟೆ. ಪರೀಕ್ಷೆ ಮಾಡದೆ ಹೇಗೆ ಹೇಳಿದರು? ಬೇರಿನ ವೈದ್ಯರನ್ನು ಕಂಡರೆ ಇವರಿಗೆ ಆಗದು, ಅದಕ್ಕೇ ಇರಬೇಕು. ಸರಿ, ನಾನೇ ಅಳೆದು ನೋಡುತ್ತೇನೆ ಎಂದುಕೊಂಡೆ. ಪುಡಿಯನ್ನು ನಿಲ್ಲಿಸಿದೆ. ಗುಳಿಗೆಯನ್ನೂ ನುಂಗಲಿಲ್ಲ. ಒಂದೇ ಸಲ ಎರಡು ಕಲ್ಲು ಸರಿಸಿದರೆ ಯಾವ ಕಲ್ಲು ತಪ್ಪಿತ್ತೆಂದು ತಿಳಿಯುವುದಿಲ್ಲವಲ್ಲ. ಹದಿನೈದು ದಿನದ ಅಳತೆ ಎಂದು ವಹಿಯಲ್ಲಿ ಹೊಸ ಪುಟ ಮಾಡಿದೆ.

ಮೂರನೆಯ ದಿನಕ್ಕೆ ಮೊಣಕಾಲುಗಳು ಬಡ್ಡಿಸಮೇತ ಕೂಗತೊಡಗಿದವು. ಆರನೆಯ ದಿನಕ್ಕೆ ಹೊಟ್ಟೆಯ ಉರಿ ಮೆತ್ತಗಾಯಿತು. ಆ ಆರನೆಯ ದಿನವೇ ಓಣಿಯ ತಿರುವಿನ ಚಹಾದಂಗಡಿಯಲ್ಲಿ ದಾವಲಸಾಬ ಸಿಕ್ಕ. ಮುಖ ಬಿಳಿಚಿತ್ತು. ತುಟಿಯ ಬಣ್ಣ ಹೋಗಿತ್ತು.

"ಯಾಕಲೇ, ಸೊರಗಿದಿ?" ಎಂದೆ.

"ಹೊಟ್ಟಿ ಸ್ವಲ್ಪ ಬರೋಬ್ಬರಿ ಇಲ್ಲ ದೋಸ್ತ. ಮಗ್ಗದ ಮ್ಯಾಲ ಕುಂತ್ರ ಕಣ್ಣಿಗೆ ಕತ್ತಲಿ ಬರತೈತಿ. ಆದ್ರ ಸೊಂಟ ಮಾತ್ರ ಏಕದಂ ಆರಾಮ. ನಿನ್ನ ಪುಡಿ ಭಾರಿ ಐತಿ ಬಿಡು."

ಇನ್ನೂ ಒಂಬತ್ತು ದಿನ ಅಳತೆ ಬಾಕಿ ಇದೆ, ಪೂರ್ತಿ ಖಾತ್ರಿಯಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ನನಗೆ ನಾನು ಕೊಟ್ಟುಕೊಂಡ ಕಾರಣ ಅದು. ಖರೆ ಕಾರಣ ಬೇರೆ. ಯಾರನ್ನೂ ನಂಬದ ಮಲ್ಲಪ್ಪ ಮರದ ಕೆಳಗಿನವನ ಕೈಯಲ್ಲಿ ಮೋಸಹೋದ ಎಂದು ಓಣಿಯಲ್ಲಿ ಮೊದಲು ಗೊತ್ತಾಗುವುದು ದಾವಲಸಾಬನಿಗೆ. ಅವನು ನಗುತ್ತಾನೆ. ಆ ನಗೆಯನ್ನು ಒಂಬತ್ತು ದಿನ ಮುಂದೂಡಿದೆ. "ಛಲೋತಂಗ ಉಣ್ಣಲೇ" ಎಂದಷ್ಟೇ ಹೇಳಿ ಎದ್ದು ಬಂದೆ.

ಹದಿಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅವನ ಹೆಂಡತಿ ಹುಸೇನಬಿ ಫೋನು ಮಾಡಿದರು. ಮಾತಿಗಿಂತ ಅಳುವೇ ಹೆಚ್ಚಿತ್ತು. "ಅಣ್ಣಾರ, ಲಗೂನ ಬರ್ರಿ. ಇವ್ರು ರಕ್ತ ಕಾರಾಕತ್ಯಾರ."

ಮೊಣಕಾಲಿನ ನೋವು ಆವತ್ತು ನನಗೆ ನೆನಪಾಗಲಿಲ್ಲ. ಓಡಿದೆ. ದಾವಲಸಾಬ ಮಗ್ಗದ ಪಕ್ಕ ಗೋಡೆಗೆ ಒರಗಿದ್ದ. ಅರ್ಧ ನೇಯ್ದ ಸೀರೆಯ ಮೇಲೆ ಬೀಳಬಾರದೆಂದು ಪಕ್ಕಕ್ಕೆ ಹೊರಳಿ ಕಾರಿಕೊಂಡಿದ್ದ. ನೆಲದ ಮೇಲೆ ಕಾಫಿಯ ಗಸಿಯಂತೆ ಕಪ್ಪಾಗಿ ಬಿದ್ದಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ಹೊರಟೆವು. ಹುನಗುಂದ ದಾಟಿತು, ಅಮೀನಗಡ ದಾಟಿತು. ಅವನ ತಲೆ ನನ್ನ ತೊಡೆಯ ಮೇಲಿತ್ತು, ಮಂಜಿನಂತೆ ತಣ್ಣಗೆ. ನಡುದಾರಿಯಲ್ಲಿ ಕಣ್ಣು ತೆರೆದು, "ಸೀರಿ ಕೆಟ್ಟಿತೇನು?" ಎಂದು ಕೇಳಿದ. ಇಲ್ಲ ಎಂದೆ. ಮತ್ತೆ ಕಣ್ಣು ಮುಚ್ಚಿದ.

ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಒಳಗೆ ಒಯ್ಯುವ ಮೊದಲು ಡಾಕ್ಟರೊಬ್ಬರು ಅವಸರದಿಂದ ಕೇಳಿದರು: "ಏನರ ಔಷಧ ತಗೋತಿದ್ರೇನು ಇವ್ರು?"

"ಏನೂ ಇಲ್ರಿ," ಎಂದರು ಹುಸೇನಬಿ.

ನಾನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಅರ್ಧ ಕ್ಷಣ ಬಂದುಹೋಯಿತು ಎಂಬುದನ್ನೂ ಇಲ್ಲಿ ಬಚ್ಚಿಡುವುದಿಲ್ಲ.

"ತಗೋತಿದ್ದ್ರಿ," ಎಂದೆ. "ಸೊಂಟನೋವಿಗೆ ಒಂದು ಪುಡಿ. ಏಳು ತಿಂಗಳಿಂದ. ಅದ್ರಾಗ ನೋವಿನ ಗುಳಿಗಿ ಐತಿ ಅಂತ ಕಾಣತೈತ್ರಿ. ನಾನ ತಂದು ಕೊಟ್ಟದ್ದು."

ಡಾಕ್ಟರು ತಲೆಯಾಡಿಸಿ ಒಳಗೆ ಓಡಿದರು. ಹುಸೇನಬಿ ನನ್ನ ಕಡೆ ನೋಡಿದರು. ಮೂವತ್ತು ವರ್ಷದಲ್ಲಿ ಆ ತಾಯಿ ನನ್ನನ್ನು ಹಾಗೆ ನೋಡಿರಲಿಲ್ಲ. ಬೈಯಲಿಲ್ಲ. ಬೆಂಚಿನ ಆ ತುದಿಗೆ ಸರಿದು ಕುಳಿತರು.

ಬಾಟಲಿಗಟ್ಟಲೆ ರಕ್ತ ಕೊಟ್ಟರು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಒಸರುತ್ತಿತ್ತಂತೆ. ನಳಿಗೆ ಇಳಿಸಿ ಅದನ್ನು ನಿಲ್ಲಿಸಿದರು. ಮೂರನೆಯ ದಿನ ಅವನು ಎದ್ದು ಕೂತು ಗಂಜಿ ಕುಡಿದ. ಹುಸೇನಬಿ ಬಟ್ಟೆ ತೊಳೆಯಲು ಹೋದಾಗ ನಾನು ಮಂಚದ ಪಕ್ಕ ಕುಳಿತು ಎಲ್ಲ ಹೇಳಿದೆ. ನನ್ನ ಹೊಟ್ಟೆ, ವಹಿ, ಡಾಕ್ಟರು, ಹದಿನೈದು ದಿನದ ಅಳತೆ.

"ಅಂದ್ರ, ಆವತ್ತ ಚಾದಂಗಡ್ಯಾಗ ನಿನಗ ಗೊತ್ತಿತ್ತು," ಎಂದ ನಿಧಾನವಾಗಿ.

"ಸಂಶೇ ಇತ್ತು. ಖಾತ್ರಿ ಇರಲಿಲ್ಲ."

"ಎಲ್ಲಾರ ಮ್ಯಾಲೂ ಸಂಶೇ ಬಂದ ಕೂಡ್ಲೇ ಒದರ್ಯಾಡತಿದ್ದಿ ಮಲ್ಲ್ಯಾ. ನನ್ನ ಜೀವದ ವಿಷಯಕ್ಕ ನಿನಗ ಖಾತ್ರಿ ಬೇಕಾತು."

ಇಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದ. ನಾನು ಸಂಜೆಯವರೆಗೆ ಕುಳಿತಿದ್ದೆ. ಅವನು ಈ ಕಡೆ ಹೊರಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ನಾನೊಬ್ಬನೇ ಮಹಾಕೂಟದ ದಾರಿ ಹಿಡಿದೆ. ಬೇವಿನ ಮರದ ಕೆಳಗೆ ಅದೇ ಸಾಲು, ಅದೇ ಮುದುಕ, ಅದೇ ಕಂಬಳಿ. ನಾನು ಗಟ್ಟಿಯಾಗಿ ನನ್ನ ಗೆಳೆಯನಿಗಾದದ್ದನ್ನು ಹೇಳಿದೆ. ಅವನು ಕೈಯಲ್ಲಿದ್ದ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಂಬಬ್ಯಾಡ್ರಿ ಅಂತ ನಾ ಮೊದ್ಲ ಹೇಳಿದ್ದೆನಲ್ರಿ," ಎಂದ.

ಸಾಲಿನವರ ಕಡೆ ತಿರುಗಿ, ಇದನ್ನು ತಿನ್ನಬೇಡಿ, ಇದರಲ್ಲಿ ಗುಳಿಗೆ ಅರೆದು ಹಾಕಿರುವ ಅನುಮಾನವಿದೆ ಎಂದೆ. ಅತ್ತೆಯ ಕೈ ಹಿಡಿದು ನಿಂತಿದ್ದ ಒಬ್ಬ ಹೆಣ್ಣುಮಗಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆ ನೋಟ ನನಗೆ ಚಿರಪರಿಚಿತ. ದಿನಾ ನಾನು ಬೇರೆಯವರನ್ನು ನೋಡುವ ನೋಟ.

"ನೀವು ಯಾವ ದವಾಖಾನಿ ಕಡಿಂದ ಬಂದೀರಿ?" ಎಂದಳು.

ನನ್ನ ಹತ್ತಿರ ಆಧಾರವಿರಲಿಲ್ಲ. ಉಳಿದ ಪುಡಿಯನ್ನು ಡಾಕ್ಟರಿಗೆ ಕೊಟ್ಟಿದ್ದೆನಾದರೂ ಪರೀಕ್ಷೆಯ ಕಾಗದ ಬಂದದ್ದು ತಿಂಗಳ ಮೇಲೆ. ನೋವಿನ ಗುಳಿಗೆಯ ಅಂಶ ಇದೆ ಎಂದೇ ಅದರಲ್ಲಿತ್ತು. ಡಾಕ್ಟರ ಜೊತೆ ಹೋಗಿ ಅರ್ಜಿ ಕೊಟ್ಟೆ, ಅಧಿಕಾರಿಗಳು ಹೋದರು. ಅಷ್ಟರಲ್ಲಿ ಮರದ ಕೆಳಗೆ ಯಾರೂ ಇರಲಿಲ್ಲ. ಈಗ ಇನ್ಯಾವುದೋ ದಾರಿಯ ಇನ್ಯಾವುದೋ ಮರದ ಕೆಳಗೆ ಕುಳಿತಿರಬಹುದು. ಆ ಅತ್ತೆ ಸೊಸೆ ಏನು ಮಾಡಿದರೋ ಗೊತ್ತಿಲ್ಲ. ನಾನು ಹಿಂದಿರುಗುವಾಗ ಸೊಸೆ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

ನನ್ನ ಹೊಟ್ಟೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಡಾಕ್ಟರು ಬೈದ ಮೇಲೆ ಅವರು ಕೊಟ್ಟ ಗುಳಿಗೆಯನ್ನು ಹೇಳಿದಷ್ಟು ದಿನ ನುಂಗಿದೆ. ಆಮೇಲೆ ಬೇಕಾಗಲಿಲ್ಲ. ಸುವರ್ಣಾಳ ನುಚ್ಚು, ಮಜ್ಜಿಗೆ, ಹೊತ್ತಿಗೆ ಸರಿಯಾದ ಊಟ, ಇವೇ ಹೊಟ್ಟೆಯನ್ನು ಕಾಯುತ್ತಿವೆ. ಮೊಣಕಾಲು ಕೂಗುತ್ತವೆ. ಕೂಗಲಿ ಎಂದು ಬಿಟ್ಟಿದ್ದೇನೆ. ಬದುವಿನ ಮೇಲೆ ನಿಧಾನ ನಡೆಯುತ್ತೇನೆ.

ದಾವಲಸಾಬ ದವಾಖಾನೆಯಿಂದ ಮನೆಗೆ ಬಂದು ತಿಂಗಳಾದರೂ ನಾನು ಆ ಕಡೆ ಹೋಗಲಿಲ್ಲ. ಓಣಿಯ ಕೊನೆಯ ಮನೆ ತಪ್ಪಿಸಲು ಬೇರೆ ಓಣಿ ಸುತ್ತಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಸುವರ್ಣಾ ಸ್ಟೀಲಿನ ಡಬ್ಬಿಯಲ್ಲಿ ನುಚ್ಚಿನ ಅಂಬಲಿ ತುಂಬಿ ನನ್ನ ಕೈಗಿಟ್ಟಳು. "ಡಾಕ್ಟರು ಅವ್ರಿಗೂ ತಂಪಿಂದು ಉಣ್ಣಾಕ ಹೇಳ್ಯಾರಂತ. ಒಯ್ದು ಕೊಟ್ಟು ಬರ್ರಿ. ಬೈದ್ರ ಬೈಸಿಕೋರಿ," ಎಂದಳು.

ಹುಸೇನಬಿ ಬಾಗಿಲು ತೆರೆದು ದಾರಿ ಬಿಟ್ಟರು. ಮಗ್ಗ ನಿಂತಿತ್ತು. ದಾವಲಸಾಬ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ತೆಳ್ಳಗಾಗಿದ್ದ, ಆದರೆ ತುಟಿಗೆ ಬಣ್ಣ ಬಂದಿತ್ತು. ನಾನು ಕುಳಿತೆ. ಡಬ್ಬಿ ತೆರೆದು, ಲೋಟಕ್ಕೆ ಅಂಬಲಿ ಸುರಿದು ಅವನ ಮುಂದಿಟ್ಟೆ.

ಅವನು ಲೋಟ ನೋಡಿದ. ನನ್ನನ್ನು ನೋಡಿದ.

"ಮೊದ್ಲ ನೀ ಕುಡಿ," ಎಂದ.

ಚೇಷ್ಟೆ ಇರಬೇಕೆಂದು ಅವನ ಮುಖದಲ್ಲಿ ನಗು ಹುಡುಕಿದೆ. ಇರಲಿಲ್ಲ. ಐವತ್ತು ವರ್ಷದ ಗೆಳೆತನದಲ್ಲಿ ನಾನು ಕೊಟ್ಟದ್ದನ್ನು ಅವನು ಮೂಸಿಯೂ ನೋಡಿದವನಲ್ಲ. ಅಡುಗೆಮನೆಯ ಬಾಗಿಲಲ್ಲಿ ಹುಸೇನಬಿ ನಿಂತಲ್ಲೇ ನಿಂತರು. ನಾನು ಲೋಟವೆತ್ತಿ ಗಟಗಟನೆ ಕುಡಿದೆ. ತಳದ ನುಚ್ಚನ್ನೂ ಬೆರಳಿಂದ ಬಳಿದು ತಿಂದೆ. ಅವನು ನನ್ನ ಗಂಟಲು ಏರಿ ಇಳಿಯುವುದನ್ನೇ ನೋಡುತ್ತಿದ್ದ. ನಾನು ಲೋಟ ಕೆಳಗಿಟ್ಟೆ.

"ಕುಂಡ್ರು. ಸ್ವಲ್ಪ ಹೊತ್ತು ನೋಡೂಣು," ಎಂದ.

ಕುಳಿತೆವು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಪಕ್ಕದ ಮನೆಯ ಮಗ್ಗ ಸದ್ದು ಮಾಡುತ್ತಿತ್ತು, ನಿಂತಿತು, ಮತ್ತೆ ಶುರುವಾಯಿತು. ಆಮೇಲೆ ಅವನೇ ಲೋಟವನ್ನು ನನ್ನ ಕಡೆ ಸರಿಸಿ, "ಹೂಂ, ಹಾಕು," ಎಂದ.

ಲೋಟದ ಕಂಠದವರೆಗೆ ಸುರಿದೆ, ಒಂದಿಷ್ಟು ಚಾಪೆಯ ಮೇಲೆ ಚೆಲ್ಲಿತು. ಅವನು ಅದನ್ನು ನೋಡಿಯೂ ನೋಡದವನಂತೆ ಲೋಟ ಎತ್ತಿಕೊಂಡು, ನಿಧಾನವಾಗಿ ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡ.

"ಉಪ್ಪ ಕಡಿಮಿ ಆಗೈತಿ ಅಂತ ತಂಗೀಗೆ ಹೇಳು," ಎಂದ.